ಕೂರಿಸುವುದೋ, ಕಲಿಸುವುದೋ: ಎಡಿಎಚ್‌ಡಿ ಇರುವ ಮಗುವಿನ ಮನೆಪಾಠ ಮತ್ತು ಚಲನೆಯ ಪ್ರಶ್ನೆ

1902ರಲ್ಲಿ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಲಂಡನ್ನಿನಲ್ಲಿ ನೀಡಿದ ಉಪನ್ಯಾಸಗಳಿಂದ 2013ರ ಮನೋವೈದ್ಯಕೀಯ ಕೈಪಿಡಿ ಡಿಎಸ್‌ಎಂ-5ರವರೆಗೆ ಎಡಿಎಚ್‌ಡಿಯ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಸ್ಥಿತಿಯ, ವಿವರಣೆ ಹಲವು ಬಾರಿ ಬದಲಾಗಿದೆ. ಇದು ಮಗುವಿನ ಸೋಮಾರಿತನವೂ ಅಲ್ಲ, ಹೆತ್ತವರ ಸಲುಗೆಯ ಫಲವೂ ಅಲ್ಲ ಎಂಬುದನ್ನು ಇಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ಸೂಚನೆ ಚಿಕ್ಕದಾಗಿರಬೇಕು, ಮೆಚ್ಚುಗೆ ಕೂಡಲೇ ಸಿಗಬೇಕು ಎಂಬುದರಲ್ಲೂ ತಕರಾರಿಲ್ಲ. ತಕರಾರಿರುವುದು ಪಾಠದ ಹೊತ್ತಿನಲ್ಲಿ ಮಗು ಅಲುಗಾಡುವುದಕ್ಕೆ ಏನರ್ಥ ಎಂಬುದರಲ್ಲಿ.

ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ 1997ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಮೂಲ ಕೊರತೆ ತಡೆದುಕೊಳ್ಳುವ ಶಕ್ತಿಯದು. ಕಾರ್ಯಸ್ಮೃತಿ, ಅಂದರೆ ವಿಷಯವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡೇ ಅದರ ಮೇಲೆ ಕೆಲಸ ಮಾಡುವ ಶಕ್ತಿ, ಆ ಕೊರತೆಯಿಂದ ಸೊರಗುತ್ತದೆ. ಈ ಕ್ರಮವನ್ನು ಒಪ್ಪಿದರೆ ಚಲನೆಯನ್ನು ತಡೆ ಸಡಿಲಾದುದರ ಗುರುತೆಂದೇ ಓದಬೇಕಾಗುತ್ತದೆ. 'ಮೊದಲು ಕೂರಿಸಿ, ಆಮೇಲೆ ಕಲಿಸಿ' ಎಂದು ಬಾರ್ಕ್ಲಿ ವಿಧಿಸಿದ್ದಾರೆಂದು ನಾನು ಹೇಳುತ್ತಿಲ್ಲ. ಅವರ ಕ್ರಮ ಆ ಸಲಹೆಗೆ ಆಸರೆಯಾಗುತ್ತದೆ ಎಂಬುದಷ್ಟೇ ನನ್ನ ಆಕ್ಷೇಪ.

ಚಲನೆಯನ್ನು ಬೇರೆಯಾಗಿ ಓದುವ ದಾರಿಯೂ ಇದೆ. ಮನಶ್ಶಾಸ್ತ್ರಜ್ಞ ಮಾರ್ಕ್ ರಾಪೋರ್ಟ್ ಬಳಗ 2009ರಲ್ಲಿ 8ರಿಂದ 12 ವರ್ಷದ ಹುಡುಗರ ಮೈಗೆ ಚಲನಮಾಪಕ ಕಟ್ಟಿ ಪರೀಕ್ಷಿಸಿತು. ಕಾರ್ಯಸ್ಮೃತಿಯ ಮೇಲೆ ಭಾರ ಬಿದ್ದಾಗ ಎಲ್ಲರ ಚಲನೆಯೂ ಹೆಚ್ಚಿತು, ಎಡಿಎಚ್‌ಡಿ ಇರುವವರದು ಇನ್ನೂ ಹೆಚ್ಚಿತು. ಅದೇ ಬಳಗದ ಸಾರ್ವರ್ ಮೊದಲಾದವರು 2015ರಲ್ಲಿ ಮತ್ತೊಂದು ಹೆಜ್ಜೆ ಮುಂದೆ ಹೋದರು: ಎಡಿಎಚ್‌ಡಿ ಇರುವ ಹುಡುಗರಲ್ಲಿ ಹೆಚ್ಚು ಚಲನೆಗೂ ಉತ್ತಮ ಕಾರ್ಯಸ್ಮೃತಿಗೂ ನಂಟು ಕಂಡಿತು, ಉಳಿದವರಲ್ಲಿ ಇದಕ್ಕೆ ತದ್ವಿರುದ್ಧವಾಗಿತ್ತು.

ಈ ನಂಟು ನನ್ನ ಮನೆಯಲ್ಲೂ ಕಂಡಂತಿತ್ತು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ ಕೇಂದ್ರ ಸರ್ಕಾರ ಜುಲೈ 2020ರಲ್ಲಿ ಹೊರಡಿಸಿದ 'ಪ್ರಜ್ಞಾತಾ' ಮಾರ್ಗಸೂಚಿ 1ರಿಂದ 8ನೇ ತರಗತಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡೇ ಆನ್‌ಲೈನ್ ಅವಧಿ ಸಾಕೆಂದಿತು. ಮಿಕ್ಕ ಹೊತ್ತು ಮನೆಯವರ ಪಾಲಿಗೆ ಬಂತು. ಆಗ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಎಡಿಎಚ್‌ಡಿ ಇರುವ ನನ್ನ ಒಂಬತ್ತು ವರ್ಷದ ಮಗ ಪಕ್ಕದ ಮೇಜಿನಲ್ಲಿ ಪದ್ಯ ನಕಲು ಮಾಡುವಾಗ ಸುಮ್ಮನೆ ಕೂತಿರುತ್ತಿದ್ದ. 52ರಲ್ಲಿ 27 ಕಳೆ ಎಂದರೆ ಎದ್ದೇಬಿಡುತ್ತಿದ್ದ. 'ಎರಡರಲ್ಲಿ ಏಳು ಹೋಗಲ್ಲ, ಪಕ್ಕದ ಮನೆಯಿಂದ ಸಾಲ' ಎನ್ನುತ್ತ ಒಂಟಿಕಾಲಲ್ಲಿ ತೂಗಾಡುತ್ತಿದ್ದ. ನಾನು ಮೀಟಿಂಗಿನ ನಡುವೆ ಮೈಕ್ ಮ್ಯೂಟ್ ಮಾಡಿ 'ಕೂತ್ಕೊಳೋ' ಎನ್ನುತ್ತಿದ್ದೆ. ಅವನು ಕೂರುತ್ತಿದ್ದ, ಸಾಲ ತಂದ ಹತ್ತು ಮರೆತುಹೋಗುತ್ತಿತ್ತು. ಒಂದು ಮನೆಯ ನೋಟ ಪುರಾವೆಯಾಗದು. ಆದರೆ ಭಾರ ಬಿದ್ದಲ್ಲಿ ಚಲನೆ ಎಂಬ 2009ರ ಫಲಿತಕ್ಕೆ ಅದು ಹೊಂದುತ್ತದೆ.

ಹಾಗಾಗಿ ನನ್ನ ವಾದ: ದುಡಿಯುವ ತಾಯಿತಂದೆ ತಮಗಿರುವ ಅಲ್ಪ ಗಮನವನ್ನು ಕೂರಿಸುವುದಕ್ಕೆ ವ್ಯಯಿಸಬಾರದು. ಆ ಕಾವಲನ್ನು ಕೈಬಿಟ್ಟರೆ ಉಳಿಯುವ ಕೆಲಸ, ಅಂದರೆ ಒಂದು ಲೆಕ್ಕ ಕೊಡುವುದು, ಮುಗಿದೊಡನೆ ನೋಡಿ ಶಹಬ್ಬಾಸ್ ಎನ್ನುವುದು, ಎರಡು ಕರೆಗಳ ನಡುವಿನ ಬಿಡುವಿನಲ್ಲಿ ಹಿಡಿಸೀತು. 'ಹಿಡಿಸೀತು' ಎಂದೇ ಬರೆಯುತ್ತೇನೆ. 2015ರ ಫಲಿತ ತೋರುವುದು ನಂಟನ್ನು, ಕಾರಣವನ್ನಲ್ಲ. ಪರೀಕ್ಷೆಗೊಳಗಾದವರು ಹುಡುಗರು, ನಡೆದದ್ದು ಪ್ರಯೋಗಾಲಯದಲ್ಲಿ. ಲೆಕ್ಕ ಬಿಟ್ಟು ಬೀದಿಗಿಳಿಯುವ ಓಟಕ್ಕೂ ನಿಂತಲ್ಲೇ ತೂಗಾಡುವುದಕ್ಕೂ ಅಂತರವಿದೆ, ನನ್ನ ಮಾತು ಎರಡನೆಯದಕ್ಕೆ ಮಾತ್ರ. ವೈದ್ಯರು ಸೂಚಿಸಿದ ಚಿಕಿತ್ಸೆಗೆ ಇದು ಬದಲಿಯೂ ಅಲ್ಲ.

ಕೈ ಸ್ಥಿರವಾಗಿರಬೇಕಾದ ಕೈಬರಹಕ್ಕೆ ಈ ವಾದ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ಬೇರೆಯಾಗಿಯೇ ಪರಿಶೀಲಿಸಬೇಕು. ಇನ್ನೊಂದು ಪ್ರಶ್ನೆ ನಮ್ಮ ಚಿಕ್ಕ ಮನೆಗಳದು: ಅದೇ ಕೋಣೆಯಲ್ಲಿ ಎಡಿಎಚ್‌ಡಿ ಇಲ್ಲದ ತಂಗಿಯೂ ಓದುತ್ತಿದ್ದರೆ, ಅಣ್ಣನಿಗೆ ನೆರವಾಗಬಹುದಾದ ತೂಗಾಟ ಅವಳ ಓದಿಗೆ ಏನು ಮಾಡುತ್ತದೆ?