ಕಾಲುವೆಯ ಪಕ್ಕದ ಕಾಲೇಜು

ನಾನು ಪಿಯುಸಿ ಮುಗಿಸಿದ್ದು 1988ರಲ್ಲಿ. ಕೃಷಿ ಬಿಎಸ್ಸಿ ಓದುವ ಆಸೆಯಿತ್ತು. ಅದಕ್ಕೆ ಬೆಂಗಳೂರಿಗೆ ಹೋಗಿ ಹಾಸ್ಟೆಲಿನಲ್ಲಿ ಇರಬೇಕಿತ್ತು. "ಬೇಸಾಯ ಕಲಿಯೋಕೆ ಅಷ್ಟು ದೂರ ಯಾಕಮ್ಮ? ಇಲ್ಲೇ ಹೊಲ ಇಲ್ವಾ?" ಎಂದರು ಅಪ್ಪ. ನಾಗಮಂಗಲದ ಕಡೆಯ ನಮ್ಮದು ಮಳೆ ನಂಬಿದ ಹೊಲ. ನಾನು ಬಿಎ ಸೇರಿದೆ. ಮೂರೇ ವರ್ಷಕ್ಕೆ, 1991ರಲ್ಲಿ, ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ಕಾಲೇಜು ಶುರುವಾಯಿತು!

ಕಾಲೇಜು ಹೊಸದಾದರೂ ಫಾರಂ ಹಳೆಯದು. ಶ್ರೀರಂಗಪಟ್ಟಣ ತಾಲ್ಲೂಕಿನ ಕನ್ನಂಬಾಡಿ ಕಟ್ಟೆಯಿಂದ ಹೊರಟ ನಾಲೆಗೂ ಫಾರಂಗೂ ಇಂದು ವಿಶ್ವೇಶ್ವರಯ್ಯನವರ ಹೆಸರೇ; ಫಾರಂ ಹುಟ್ಟಿದ್ದು 1931ರಲ್ಲಿ. ಆಗ ಮೈಸೂರಿನ ಕೃಷಿ ನಿರ್ದೇಶಕರಾಗಿದ್ದವರು ಕೆನಡಾದ ಲೆಸ್ಲಿ ಕೋಲ್ಮನ್. ಮಂಡ್ಯದಲ್ಲಿ 1933ರಲ್ಲಿ ಸಕ್ಕರೆ ಕಾರ್ಖಾನೆ ಬರಲು ಕಾರಣರಾದವರೂ ಅವರೇ. ನಾಲೆ ಹರಿದ ಪಾಂಡವಪುರದ ಬಯಲು ಭತ್ತ, ಕಬ್ಬಿಗೆ ತಿರುಗಿತು. ನೀರು ಬಂದರೆ ಸಾಕೆ? ಯಾವ ತಳಿ, ಎಷ್ಟು ನೀರು, ಎಷ್ಟು ಗೊಬ್ಬರ ಎಂದು ಹೇಳುವವರೂ ಬೇಕಲ್ಲ.

ನೀರು ತಲುಪದ ನಾಗಮಂಗಲ, ಕೆ.ಆರ್. ಪೇಟೆಯ ಹೊಲಗಳಿಗೂ ಆ ಫಾರಂ ಒಂದು ಉಡುಗೊರೆ ಕೊಟ್ಟಿತು. ರಾಗಿ ಲಕ್ಷ್ಮಣಯ್ಯನವರೆಂದೇ ಹೆಸರಾದ ವಿಜ್ಞಾನಿ ಇಲ್ಲಿ ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿಸಿದರು. ಅವೇ ಇಂಡಾಫ್ ತಳಿಗಳು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಿನಲ್ಲಿವೆ. ನಮ್ಮ ಹೊಲದಲ್ಲಿ ಇಂಡಾಫ್ ಬಿತ್ತಿದ ವರ್ಷ ಅಮ್ಮ ತೆನೆಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಕೃಷಿ ಪದವಿಯ ಸೀಟುಗಳಲ್ಲಿ ಒಂದು ಪಾಲು ರೈತರ ಮಕ್ಕಳಿಗೆ ಮೀಸಲು. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯಿದೆ. ಬೀಜ, ಸಲಕರಣೆ ಗುರುತಿಸಬೇಕು. ಕೆಲವು ವರ್ಷಗಳ ಹಿಂದೆ ಕೆ.ಆರ್. ಪೇಟೆ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಅದಕ್ಕೆ ಸಿದ್ಧಳಾಗುತ್ತಿದ್ದಳು. ಅವಳ ಮನೆಗೆ ಹೋದಾಗ ತಾಯಿ ಮೊರದಲ್ಲಿ ಹುರುಳಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ ಹರಡಿಕೊಂಡು ಕೂತಿದ್ದರು. ಮಗಳು ಕಣ್ಣು ಮುಚ್ಚಿ, ಬೆರಳಲ್ಲಿ ಮುಟ್ಟಿಯೇ ಹೆಸರು ಹೇಳುತ್ತಿದ್ದಳು. ಓದು ಬಾರದ ತಾಯಿಯ ತಿಳಿವಳಿಕೆಗೆ ಅಂಕ ಸಿಗುವ ಇನ್ನೊಂದು ಪರೀಕ್ಷೆಯನ್ನು ನಾನು ಕಂಡಿಲ್ಲ.

ಹುಡುಗಿಗೆ ಸೀಟು ಸಿಕ್ಕಿತು. ಈ ಓದಿನ ಕೊನೆಯ ವರ್ಷ ವಿದ್ಯಾರ್ಥಿಗಳು ಕೆಲವು ತಿಂಗಳು ಹಳ್ಳಿಯಲ್ಲೇ ಇದ್ದು ರೈತರೊಡನೆ ಕೆಲಸ ಕಲಿಯಬೇಕು. ಆ ದಿನಗಳಲ್ಲಿ ಒಮ್ಮೆ ನಮ್ಮ ಮನೆಗೆ ಬಂದಳು. ಮುಖ ಬಿಸಿಲಿಗೆ ಕಪ್ಪಾಗಿತ್ತು, ಮಾತು ಗಟ್ಟಿಯಾಗಿತ್ತು.

"ಮೇಡಂ, ರೈತರ ಕೋಟಾದ ಅರ್ಜಿಗೆ ಅಪ್ಪನ ಹೆಸರಿನ ಪಹಣಿ ಇಟ್ಟೆ. ಬೀಜ ಕಲಿಸಿದ್ದು ಅಮ್ಮ. ಅವಳ ಹೆಸರು ಎಲ್ಲೂ ಬರೆಯೋಕೆ ಆಗಲಿಲ್ಲ" ಎಂದಳು.

ಇಲ್ಲಿ ನಾನು ಬರೆಯುತ್ತಿರುವುದು ಅದಕ್ಕೇ.