ಕರೆಂಟ್ ಬಿಲ್ಲಿನ ಹೊಣೆ: 2023ರ ದರ ಏರಿಕೆ ಮತ್ತು ಕನ್ನಡದ ರಾಜಕೀಯ ಚರ್ಚೆ

2023ರ ಜೂನ್‌ನಲ್ಲಿ ಕರ್ನಾಟಕದ ಮನೆಗಳಿಗೆ ಬಂದ ಕರೆಂಟ್ ಬಿಲ್ಲು ಸುದ್ದಿವಾಹಿನಿಗಳ ಸಂಜೆಯ ಚರ್ಚೆಗೆ ಹೇಳಿ ಮಾಡಿಸಿದಂಥ ವಿಷಯವಾಯಿತು. ಇನ್ನೂರು ಯೂನಿಟ್ ಉಚಿತ ಎಂದು ಮತ ಪಡೆದವರು ಬಂದೊಡನೆ ಬರೆ ಎಳೆದರು ಎಂದು ಬಿಜೆಪಿ ಹೇಳಿತು. ಆದೇಶವೇ ನಮ್ಮ ಕಾಲದ್ದಲ್ಲ ಎಂದು ಕಾಂಗ್ರೆಸ್ ಹೇಳಿತು. ಇಂಥ ಚರ್ಚೆಗಳು ಏಕಪಕ್ಷೀಯ ಎಂಬ ದೂರು ಹಳೆಯದು. ನನಗದು ದೊಡ್ಡ ದೋಷವಾಗಿ ಕಾಣುವುದಿಲ್ಲ. ಅಭಿಪ್ರಾಯ ಹೇಳಲೆಂದೇ ಕೂತವರು ಪಕ್ಷ ವಹಿಸಲಿ. ತೊಡಕಿರುವುದು ಕಾಲಗಣನೆಯಲ್ಲಿ. ಚರ್ಚೆ ಎಲ್ಲವನ್ನೂ ಸರ್ಕಾರಗಳ ಅವಧಿಗೆ ಕಟ್ಟಿ ಎಣಿಸುತ್ತದೆ, ವಿದ್ಯುತ್ ದರವಾದರೋ ಬಾಕಿಯ ಲೆಕ್ಕದಲ್ಲಿ ನಡೆಯುತ್ತದೆ.

ದಿನಾಂಕಗಳನ್ನೇ ನೋಡೋಣ. ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳು ಯೂನಿಟ್‌ಗೆ ಸರಾಸರಿ 139 ಪೈಸೆ ಏರಿಕೆ ಕೋರಿದ್ದವು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 70 ಪೈಸೆಗೆ ಒಪ್ಪಿ ಆದೇಶ ಹೊರಡಿಸಿದ್ದು 2023ರ ಮೇ 12ರಂದು. ವಿಧಾನಸಭೆ ಚುನಾವಣೆಯ ಮತದಾನ ಮುಗಿದದ್ದು ಮೇ 10ಕ್ಕೆ, ಎಣಿಕೆ ನಡೆದದ್ದು 13ಕ್ಕೆ. ಬಿಜೆಪಿಯ ಹಳೆಯ ಸರ್ಕಾರ ಹೋಗಿರಲಿಲ್ಲ, ಹೊಸದು ಬಂದಿರಲಿಲ್ಲ. ಕಾಂಗ್ರೆಸ್ಸಿನ ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದು 20ರಂದು. ಇದರ ಮೇಲೆ ಆದೇಶ ಏಪ್ರಿಲ್ 1ರಿಂದ ಪೂರ್ವಾನ್ವಯ. ಹೀಗಾಗಿ ಜೂನ್ ಬಿಲ್ಲಿನಲ್ಲಿ ಹೊಸ ದರ, ಏಪ್ರಿಲ್‌ನ ಬಾಕಿ, ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಮೂರೂ ಒಟ್ಟಿಗೆ ಬಂದು ಕೂತವು. ಆ ಮೂರನೆಯ ಬಾಬ್ತು ಹಿಂದಿನ ತಿಂಗಳುಗಳಲ್ಲಿ ಕಲ್ಲಿದ್ದಲಿಗೂ ಖರೀದಿಗೂ ಹೆಚ್ಚಾಗಿ ತೆತ್ತ ಹಣ.

ಏರಿಕೆಯ ಒಳರಚನೆ ಇನ್ನಷ್ಟು ಸ್ವಾರಸ್ಯದ್ದು. 70 ಪೈಸೆಯಲ್ಲಿ 57 ಪೈಸೆಯಷ್ಟನ್ನು ನಿಗದಿತ ಶುಲ್ಕದಿಂದ, ಉಳಿದ 13 ಪೈಸೆಯನ್ನು ಬಳಕೆಯ ದರದಿಂದ ವಸೂಲು ಮಾಡುವ ಲೆಕ್ಕ ಅದು. ಅಂದರೆ ಹೊರೆಯ ಬಹುಪಾಲು ಬಿದ್ದದ್ದು ದೀಪ ಆರಿಸಿದರೂ ಕಟ್ಟಲೇಬೇಕಾದ ಮೊತ್ತದ ಮೇಲೆ. ಗೃಹಬಳಕೆಯ ಹಂತಗಳನ್ನೂ ಎರಡಕ್ಕಿಳಿಸಲಾಯಿತು: 100 ಯೂನಿಟ್‌ವರೆಗೆ 4 ರೂಪಾಯಿ 75 ಪೈಸೆ, ಅದನ್ನು ದಾಟಿದರೆ ಬಳಸಿದ ಅಷ್ಟೂ ಯೂನಿಟ್‌ಗೆ 7 ರೂಪಾಯಿ. ನೂರು ಯೂನಿಟ್ ಉರಿಸಿದ ಮನೆಗೆ 475 ರೂಪಾಯಿ, ನೂರಾ ಒಂದು ಉರಿಸಿದ ಪಕ್ಕದ ಮನೆಗೆ 707. ಒಂದೇ ಯೂನಿಟ್‌ನ ಬೆಲೆ 232 ರೂಪಾಯಿ, ತೆರಿಗೆ ಬೇರೆ! ಜಗಳವಾಡಲು ಇದಕ್ಕಿಂತ ಗಟ್ಟಿ ಕಾರಣ ಬೇಕಿರಲಿಲ್ಲ. ಆದರೂ ‘ಕರೆಂಟ್ ಶಾಕ್’ ಎಂಬ ಶೀರ್ಷಿಕೆಯಡಿ ನಡೆದ ಮಾತು ಮುಖ್ಯವಾಗಿ ಯಾರು ಏರಿಸಿದರು ಎಂಬುದರ ಸುತ್ತಲೇ ಗಿರಕಿ ಹೊಡೆಯಿತು.

ಯಾರು ಎಂಬ ಪ್ರಶ್ನೆಗೂ ಸರಿಯಾದ ಉತ್ತರ ಸಿಗಲಿಲ್ಲವೆನ್ನಬೇಕು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 62ನೇ ಕಲಂ ಪ್ರಕಾರ ದರ ನಿಗದಿ ಆಯೋಗದ ಕೆಲಸ. ಕಾಂಗ್ರೆಸ್ ಇದನ್ನು ಆಸರೆಯಾಗಿ ಹಿಡಿಯಿತು, ತಪ್ಪೇನಲ್ಲ. ಆದರೆ 65ನೇ ಕಲಂ ಕೂಡ ಅದೇ ಕಾಯ್ದೆಯಲ್ಲಿದೆ: ಯಾವುದೇ ವರ್ಗದ ಗ್ರಾಹಕರಿಗೆ ರಿಯಾಯಿತಿ ಕೊಡಬೇಕೆನಿಸಿದರೆ ಸರ್ಕಾರ ಆ ಹಣವನ್ನು ಮುಂಗಡವಾಗಿ ತುಂಬಿಕೊಡಬೇಕು. ಏರಿಕೆಯನ್ನು ತಡೆಯುವ ಅಧಿಕಾರ ಹೊಸ ಸರ್ಕಾರಕ್ಕಿರಲಿಲ್ಲ, ಅದನ್ನು ಹೊರುವ ಅಧಿಕಾರವಿತ್ತು. ವಿರೋಧಪಕ್ಷ ಕೇಳಬೇಕಾಗಿದ್ದ ಪ್ರಶ್ನೆ ಇದು. ಕೇಳಿದ್ದರೆ ತಮ್ಮ ಆಡಳಿತದಲ್ಲಿ ಪಂಪ್‌ಸೆಟ್ ಸಹಾಯಧನವನ್ನು ಎಸ್ಕಾಂಗಳಿಗೆ ಯಾವಾಗ, ಎಷ್ಟು ತುಂಬಿದ್ದೆವೆಂದು ತಾವೂ ಹೇಳಬೇಕಾಗುತ್ತಿತ್ತು. ರಾಜ್ಯದಲ್ಲಿ ಮಾರಾಟವಾಗುವ ವಿದ್ಯುತ್ತಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ನೀರಾವರಿ ಪಂಪ್‌ಸೆಟ್‌ಗಳದ್ದು, ಮೀಟರ್ ಇಲ್ಲದವೇ ಅವುಗಳಲ್ಲಿ ಹೆಚ್ಚು. ಈ ಲೆಕ್ಕವನ್ನು ಯಾವ ಪಕ್ಷವೂ ತಾನಾಗಿ ಕೆದಕುವುದಿಲ್ಲ.

ಆಗಸ್ಟ್‌ನಲ್ಲಿ ಉಚಿತ ವಿದ್ಯುತ್ತಿನ ಯೋಜನೆಯಾದ ಗೃಹಜ್ಯೋತಿಯ ಶೂನ್ಯ ಬಿಲ್ಲು ಬಂತು, ಮನೆಗಳ ಮಟ್ಟಿಗೆ ಚರ್ಚೆ ತಣ್ಣಗಾಯಿತು. ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಶೇ 10, ಒಟ್ಟು 200 ಯೂನಿಟ್ ಮೀರದಂತೆ ಉಚಿತ ಎಂಬುದು ಆಗಿನ ಲೆಕ್ಕ. ಮೇ 12ರ ದರ ಮಾತ್ರ ಹಾಗೆಯೇ ಇತ್ತು, ಕಟ್ಟುವವರು ಬದಲಾದರು. ನೂರು ದಾಟಿದ ಮನೆಯ ಏಳು ರೂಪಾಯಿ ಆಗ ಬೊಕ್ಕಸದ ಬಾಬ್ತಾಯಿತು. 2024ರ ಫೆಬ್ರವರಿಯಲ್ಲಿ ಆಯೋಗ ಅದೇ ವರ್ಗಕ್ಕೆ 110 ಪೈಸೆ ಇಳಿಸಿದಾಗ ಸುದ್ದಿಯಾದದ್ದು ಗ್ರಾಹಕರಿಗೆ ಸಿಹಿ ಎಂದು. ಆ ಸಿಹಿಯಲ್ಲಿ ದೊಡ್ಡ ಪಾಲು ಸಹಾಯಧನ ತುಂಬುವ ಹಣಕಾಸು ಇಲಾಖೆಗೆ ಹೋಯಿತೆಂದು ನನ್ನ ಎಣಿಕೆ.

ಗೃಹಜ್ಯೋತಿಯ ಹೊರಗೆ ಉಳಿದವರೂ ಇದ್ದರು. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ದರ ಏರಿಕೆಯ ವಿರುದ್ಧ ಜೂನ್ 22ರಂದು ಬಂದ್‌ಗೆ ಕರೆ ಕೊಟ್ಟಿತ್ತು. ಆಯೋಗದ ವಿಚಾರಣೆಗಳಲ್ಲಿ ಆಕ್ಷೇಪಣೆ ಸಲ್ಲಿಸುವವರೂ ಹೆಚ್ಚಾಗಿ ಇಂಥ ಉದ್ಯಮ ಸಂಘಗಳು ಮತ್ತು ಕೆಲವು ಗ್ರಾಹಕ ಸಂಘಟನೆಗಳು. ಆಕ್ಷೇಪಣೆ, ಅದಕ್ಕೆ ಕಂಪನಿಯ ಸಮಜಾಯಿಷಿ, ಆಯೋಗದ ಅಭಿಪ್ರಾಯ ಎಲ್ಲವೂ ದರ ಆದೇಶದಲ್ಲಿ ಅಚ್ಚಾಗುತ್ತವೆ. ನಿರೂಪಕರು ಆ ಪುಟಗಳಿಂದ ಒಂದೆರಡನ್ನು ಓದಿ ಅತಿಥಿಗಳ ಮುಂದಿಟ್ಟರೂ ಸಾಕು, ಗದ್ದಲ ಅರ್ಧ ಇಳಿದೀತು. ಗದ್ದಲವೇ ಬೇಕಾದವರಿಗೆ ಅದು ರುಚಿಸದು, ಆ ಮಾತು ಬೇರೆ.

ಬಾಕಿ ಎಷ್ಟು ದೂರದಿಂದ ಬರಬಲ್ಲದು ಎಂಬುದಕ್ಕೆ 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಯೂನಿಟ್‌ಗೆ 36 ಪೈಸೆಯ ಸರ್‌ಚಾರ್ಜನ್ನು ನೋಡಬಹುದು. ಅದು ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗಾಗಿ. 1999ರಲ್ಲಿ ವಿದ್ಯುತ್ ಮಂಡಳಿಯನ್ನು ನಿಗಮವಾಗಿಸಿ, 2002ರಲ್ಲಿ ವಿತರಣೆಯನ್ನು ಬೇರೆ ಕಂಪನಿಗಳಿಗೆ ಹಂಚಿದಾಗ ಹಳೆಯ ನೌಕರರ ಪಿಂಚಣಿಯ ಹೊರೆ ಯಾರ ತಲೆಗೆ ಎಂಬುದು ಉಳಿದುಕೊಂಡಿತ್ತು. ಸರ್ಕಾರದ ಪಾಲನ್ನು ಗ್ರಾಹಕರಿಂದ ವಸೂಲು ಮಾಡಬಹುದೇ ಎಂಬ ವ್ಯಾಜ್ಯ ಹೈಕೋರ್ಟ್ ಮೆಟ್ಟಿಲನ್ನೂ ಏರಿತ್ತು. ಜೆ.ಎಚ್. ಪಟೇಲ್ ಅವರಿಂದ ಮೊದಲುಗೊಂಡು ಎಲ್ಲ ಪಕ್ಷಗಳ ಮುಖ್ಯಮಂತ್ರಿಗಳ ಕಾಲ ದಾಟಿ ಬಂದ ಸಾಲವಿದು. ಅದರ ಚರ್ಚೆಯಲ್ಲೂ ಬೆಲೆ ಏರಿಸಿದ ಸರ್ಕಾರ ಯಾವುದು ಎಂಬ ಪ್ರಶ್ನೆಯೇ ಮೊದಲು ಬಂತು.