ಕೊಚ್ಚಿಯ ಕೆಸರು, ತಿರುವನಂತಪುರದ ಮರಳು

ಮುಂಗಾರಿನಲ್ಲಿ ಅರಬ್ಬಿ ಸಮುದ್ರ ಭೋರ್ಗರೆಯುತ್ತಿದ್ದರೂ ಕೆಲವು ವರ್ಷ ಆಲಪ್ಪುಳ, ಪುರಕ್ಕಾಡು, ನಾರಕ್ಕಲ್‌ಗಳ ಎದುರಿನ ಒಂದಿಷ್ಟು ಕಡಲು ಕೆರೆಯಂತೆ ಸುಮ್ಮನಿರುತ್ತದೆ. ಕೇರಳದ ಮೀನುಗಾರರಿಗೆ ಇದು ‘ಚಾಕರ’. ಅಲ್ಲಿ ಸೀಗಡಿ, ಬೂತಾಯಿ ಹೇರಳ. ಬೇರೆಡೆ ದೋಣಿ ಇಳಿಸಲಾಗದ ತಿಂಗಳಲ್ಲೂ ಇಲ್ಲಿ ಬಲೆ ಬೀಸಬಹುದು. ತಳದ ಕೆಸರೇ ಅಲೆಯನ್ನು ತಡೆಯುತ್ತದೆ ಎಂಬುದು ಕರಾವಳಿಯವರಿಗೆ ಹಿಂದಿನಿಂದಲೂ ಗೊತ್ತಿತ್ತು. ಹೇಗೆ ತಡೆಯುತ್ತದೆ ಎಂಬ ಪ್ರಶ್ನೆ ಮಾತ್ರ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಕಾಡಿತು.

ಸ್ಕಾಟ್‌ಲೆಂಡಿನ ನಾವಿಕ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1727ರಲ್ಲಿ ಪ್ರಕಟಿಸಿದ ಪ್ರವಾಸ ಗ್ರಂಥದಲ್ಲೇ ಈ ಕೆಸರು ಕೊಲ್ಲಿಯ ಪ್ರಸ್ತಾಪವಿದೆ. 1880ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್, 1890ರಲ್ಲಿ ಅದೇ ಸಂಸ್ಥೆಯ ಫಿಲಿಪ್ ಲೇಕ್ ಇದರ ಬಗ್ಗೆ ಬರೆದರು. ಹಿನ್ನೀರಿನ ಕೆಸರು ನೆಲದಡಿಯಿಂದ ನುಸುಳಿ ಕಡಲಲ್ಲಿ ಉಕ್ಕುತ್ತದೆ ಎಂಬ ವಾದಕ್ಕೆ ಆ ಕಾಲದಲ್ಲಿ ಬಲವಿತ್ತು. ಕೆಸರಿನಲ್ಲಿ ಕಂಡ ಎಣ್ಣೆಯಂಶವೇ ಅಲೆಯನ್ನು ಅಡಗಿಸುತ್ತದೆ ಎಂದವರೂ ಇದ್ದರು.

ಈ ಚರ್ಚೆ ಗ್ರಂಥಾಲಯ ಬಿಟ್ಟು ಬಂದರಿನ ಅಂಗಳಕ್ಕೆ ಬಂದದ್ದು 1920ರಲ್ಲಿ, ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಕೊಚ್ಚಿಗೆ ಕಾಲಿಟ್ಟಾಗ. ಅಳಿವೆಗೆ ಅಡ್ಡಲಾಗಿ ಗಟ್ಟಿ ಮರಳ ದಿಬ್ಬವಿದ್ದುದರಿಂದ ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕಬೇಕಿತ್ತು. ದಿಬ್ಬ ಕಡಿದರೆ ಪಕ್ಕದ ವೈಪೀನ್ ದಂಡೆ ಕೊಚ್ಚಿಹೋದೀತೆಂಬ ಭಯ ಮೊದಲೇ ಇತ್ತು. ಬ್ರಿಸ್ಟೋ ಗಾಳಿ, ಅಲೆ, ಪ್ರವಾಹಗಳನ್ನು ಅಳೆದು, ದಂಡೆಗೆ ಕಲ್ಲಿನ ರಕ್ಷಣೆ ಕೊಟ್ಟು, ಆಮೇಲೆ ಅಗೆಯಲು ಹೊರಟರು. ‘ಲಾರ್ಡ್ ವಿಲಿಂಗ್ಡನ್’ ಎಂಬ ಡ್ರೆಜರ್ ಎತ್ತಿದ ಹೂಳಿನಿಂದಲೇ ಸುಮಾರು 780 ಎಕರೆಯ ವಿಲಿಂಗ್ಡನ್ ದ್ವೀಪ ಎದ್ದಿತು. ಅಗೆಯುವ ಮೊದಲು ಅಳೆಯಬೇಕೆಂಬ ಅವರ ಹಟ ಇಂದಿಗೂ ಮಾದರಿ.

1938ರಲ್ಲಿ ಕೊಚ್ಚಿನ್ ಸರ್ಕಾರಿ ಮುದ್ರಣಾಲಯದಿಂದ ಅವರ ‘ಹಿಸ್ಟರಿ ಆಫ್ ಮಡ್ ಬ್ಯಾಂಕ್ಸ್’ ಎರಡು ಸಂಪುಟಗಳಲ್ಲಿ ಹೊರಬಂತು. ತಳದಲ್ಲಿ ಮೊದಲೇ ಕೂತಿರುವ ನುಣ್ಣನೆಯ ಕೆಸರನ್ನು ಮುಂಗಾರಿನ ಅಲೆಗಳೇ ಕದಡಿ ಎಬ್ಬಿಸುತ್ತವೆ ಎಂಬ ವಿವರಣೆಗೆ ಅದು ಬಲ ಕೊಟ್ಟಿತು. ಕದಡಿದ ಕೆಸರು ಅರೆದ್ರವವಾಗಿ ಅಲೆಯೊಂದಿಗೇ ತೊನೆಯುತ್ತದೆ; ಒಳಗಿನ ಘರ್ಷಣೆಯಲ್ಲಿ ಅಲೆಯ ಶಕ್ತಿ ಕರಗಿ, ದಡ ಮುಟ್ಟುವಷ್ಟರಲ್ಲಿ ಅದಕ್ಕೆ ಬಲವೇ ಉಳಿಯುವುದಿಲ್ಲ. ಸಾಗರ ವಿಜ್ಞಾನಿ ಎಸ್.ಝಡ್. ಕಾಸಿಂ ಮತ್ತು ಸಂಗಡಿಗರು 1970ರ ದಶಕದಲ್ಲಿ ಈ ಕೆಸರಿನ ಭೌತಿಕ, ರಾಸಾಯನಿಕ ಗುಣಗಳನ್ನು ಪರೀಕ್ಷಿಸಿದರು. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 1984ರಲ್ಲಿ ಇದಕ್ಕೆಂದೇ ಒಂದು ಬುಲೆಟಿನ್ ತಂದಿತು.

ತಿರುವನಂತಪುರದ ದಂಡೆಯ ಸ್ವಭಾವವೇ ಬೇರೆ. ಅಲ್ಲಿ ಕೆಸರಿನ ಆಸರೆ ಇಲ್ಲ, ಇರುವುದೆಲ್ಲ ಮರಳು. ಶಂಖುಮುಖದ ಬೀಚು ಮುಂಗಾರಿನಲ್ಲಿ ಕರಗಿ, ಮಳೆ ಹಿಂದೆ ಸರಿದ ಮೇಲೆ ಮತ್ತೆ ಕಟ್ಟಿಕೊಳ್ಳುವುದು ರೂಢಿ. ಮರಳು ಕಳೆದುಹೋಗುವುದಲ್ಲ, ಸ್ವಲ್ಪ ದೂರದ ನೀರಿನಡಿ ದಿಬ್ಬವಾಗಿ ಕೂತಿರುತ್ತದೆ. 1978ರಲ್ಲಿ ಆರಂಭವಾದ ಭೂವಿಜ್ಞಾನ ಅಧ್ಯಯನ ಕೇಂದ್ರ (2014ರಿಂದ ರಾಷ್ಟ್ರೀಯ ಸಂಸ್ಥೆ) ಶಂಖುಮುಖಕ್ಕೆ ಹತ್ತಿರದ ವಲಿಯತುರದಲ್ಲಿ ಅಲೆಗಳನ್ನು ದಾಖಲಿಸಿ ಆಲಪ್ಪುಳ, ಕೋಯಿಕ್ಕೋಡ್, ತಲಶ್ಶೇರಿಗಳ ಅಲೆಗಳೊಂದಿಗೆ ಹೋಲಿಸಿತು. ದಕ್ಷಿಣದಿಂದ ಉತ್ತರಕ್ಕೆ ಅಲೆಯ ಅಬ್ಬರ ಇಳಿಯುವುದು ಕಂಡುಬಂತು. ವಲಿಯತುರದ ಹಳೆಯ ಕಡಲ ಸೇತುವೆ 2021ರಲ್ಲಿ ಕುಸಿದು ಬಾಗಿತು, 2024ರಲ್ಲಿ ಅದರ ಒಂದು ಭಾಗ ಸಮುದ್ರದ ಪಾಲಾಯಿತು.

ಇತ್ತ ಕೊಚ್ಚಿಯಲ್ಲಿ ಅಳಿವೆಯ ಎರಡು ಮಗ್ಗುಲು ಎರಡು ಕಥೆ ಹೇಳುತ್ತವೆ. ಉತ್ತರದ ಪುದುವೈಪಿನಲ್ಲಿ ನೆಲ ಬೆಳೆದು, ಆ ನೆಲದಲ್ಲಿ ಎಲ್‌ಎನ್‌ಜಿ ಟರ್ಮಿನಲ್ಲೇ ನಿಂತಿದೆ. ದಕ್ಷಿಣದ ಚೆಲ್ಲಾನಂನಲ್ಲಿ ಸಮುದ್ರ ವರ್ಷ ವರ್ಷ ಮನೆಯೊಳಗೆ ನುಗ್ಗಿ, ಕೊನೆಗೆ ಸುಮಾರು 7 ಕಿ.ಮೀ. ಉದ್ದಕ್ಕೆ ಟೆಟ್ರಾಪಾಡ್ (ನಾಲ್ಕು ಕಾಲಿನ ಕಾಂಕ್ರೀಟ್ ಗಟ್ಟಿ) ಗೋಡೆ ಕಟ್ಟಬೇಕಾಯಿತು. ಗೋಡೆ ಇರುವಲ್ಲಿ ಜನ ಉಸಿರಾಡಿದರು. ಗೋಡೆ ತಲುಪದ ಕಡೆಯವರು ತಮಗೂ ಬೇಕೆಂದು ಬೀದಿಗಿಳಿದರು. ಎರಡು ಮಗ್ಗುಲಿನ ನಡುವೆ ಅಳಿವೆಯಲ್ಲಿ ಅಗೆದ ಆಳದ ಹಡಗು ಕಾಲುವೆ ದಂಡೆಗುಂಟ ಸಾಗುವ ಮರಳಿಗೆ ಹೊಂಡವಾಗುತ್ತದೆ. ಕಾಲುವೆಯ ಹೂಳನ್ನು ವರ್ಷವಿಡೀ ಎತ್ತಿ ದೂರದ ಕಡಲಿಗೆ ಸುರಿದರೆ, ಅದರಲ್ಲಿರುವ ಮರಳೂ ದಂಡೆಯ ಕೈತಪ್ಪುತ್ತದೆ. ಕೆಸರನ್ನೂ ಮರಳನ್ನೂ ಒಂದೇ ‘ಹೂಳು’ ಎಂದು ಲೆಕ್ಕ ಹಾಕುವುದೇ ಇಲ್ಲಿನ ದೊಡ್ಡ ಲೋಪ.

ಉಳ್ಳಾಲದ ಕಡಲ್ಕೊರೆತ ಕಂಡವರಿಗೆ ಇದು ಪರರಾಜ್ಯದ ಸುದ್ದಿಯಲ್ಲ. ಹೊನ್ನಾವರದ ಕಾಸರಕೋಡು, ಅಂಕೋಲೆಯ ಕೇಣಿಯಲ್ಲಿ ಬಂದರು ಯೋಜನೆಗಳು ಎದ್ದಿವೆ. ಅಲ್ಲಿ ಕಲ್ಲು ಇಳಿಸುವ ಮೊದಲು ಮಳೆಗಾಲ, ಬೇಸಿಗೆ ಎರಡರಲ್ಲೂ ಮರಳು ಯಾವ ದಿಕ್ಕಿಗೆ, ಎಷ್ಟು ಸಾಗುತ್ತದೆಂದು ಅಳೆದು, ಆ ಅಂಕಿಅಂಶವನ್ನು ಮೀನುಗಾರರ ಮುಂದೆ ಕನ್ನಡದಲ್ಲಿ ಇಡಬೇಕು.